ಗುಡ್ಡದ ಪಕ್ಕೆಯಲ್ಲೊಂದು ಗಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ವೇಲ್ಸ್‌ನ ಕಲ್ಲಿದ್ದಲು ಎಂದೊಡನೆ ಕಣ್ಣೆದುರು ಬರುವುದು ಎತ್ತರದ ಚಕ್ರಗೋಪುರ ಮತ್ತು ಸಾವಿರಾರು ಕಾರ್ಮಿಕರು. ಅವುಗಳ ಮಗ್ಗುಲಲ್ಲೇ ಹತ್ತಿಪ್ಪತ್ತು ಜನ ದುಡಿಯುತ್ತಿದ್ದ ಸಣ್ಣ ಗಣಿಗಳಿದ್ದವು. ಈ ಸಲ ಬಂದ ಪ್ರಶ್ನೆಗಳು ಅವುಗಳ ಬಗ್ಗೆ.

ಪ್ರಶ್ನೆ: ‘ಸಣ್ಣ ಗಣಿ’ ಎಂದರೆ ಎಷ್ಟು ಸಣ್ಣದು? ಇದಕ್ಕೆ ಕಾನೂನಿನ ಅಳತೆ ಏನಾದರೂ ಇತ್ತೇ?

ಇತ್ತು. 1947ರ ಜನವರಿ 1ರಂದು ಬ್ರಿಟನ್ನಿನ ಗಣಿಗಳೆಲ್ಲ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ವಶಕ್ಕೆ ಬಂದಾಗ, ನೆಲದಡಿ ದುಡಿಯುವವರ ಸಂಖ್ಯೆ 30ನ್ನು ಬಹಳ ಮೀರದ ಗಣಿಗಳನ್ನು ಮಾತ್ರ ಖಾಸಗಿಯವರು ಪರವಾನಗಿ ಪಡೆದು ನಡೆಸಬಹುದಿತ್ತು. ತೆಗೆದ ಪ್ರತಿ ಟನ್ನಿಗೂ ಮಂಡಳಿಗೆ ರಾಜಧನ ಕಟ್ಟಬೇಕು. ಈ ಮಿತಿಯನ್ನು 1990ರಲ್ಲಿ 150ಕ್ಕೆ ಏರಿಸಿದರು. 1994ರ ಕಾಯ್ದೆಯ ನಂತರ ಪರವಾನಗಿ ಕೊಡುವ ಕೆಲಸ ಕಲ್ಲಿದ್ದಲು ಪ್ರಾಧಿಕಾರಕ್ಕೆ ಹೋಯಿತು.

ಅದಕ್ಕೂ ಹಿಂದೆ ರಾಜಧನ ಹೋಗುತ್ತಿದ್ದುದು ಜಮೀನಿನ ಒಡೆಯನಿಗೆ. ನೆಲದಡಿಯ ಕಲ್ಲಿದ್ದಲು ಅವನ ಸ್ವತ್ತೆಂದೇ ಲೆಕ್ಕ. 1938ರ ಕಾಯ್ದೆ ಆ ಹಕ್ಕನ್ನು ಸರ್ಕಾರಕ್ಕೆ ತಂದುಕೊಂಡಿತು, 1942ರಲ್ಲಿ ಅದು ಜಾರಿಯಾಯಿತು. ಹಾಗಾಗಿ ಹಳೆಯ ಸಣ್ಣ ಗಣಿಯೊಂದರ ಕಾಗದಪತ್ರ ಹುಡುಕುವವರು ಮೊದಲು ನೋಡಬೇಕಾದ್ದು ಆ ಜಮೀನ್ದಾರಿ ಮನೆತನದ ದಾಖಲೆಗಳನ್ನು, ಅದರಲ್ಲೂ ಗುತ್ತಿಗೆ ಪತ್ರಗಳನ್ನು.

ಪ್ರಶ್ನೆ: ಬಾವಿ ತೋಡದೆ ಕಲ್ಲಿದ್ದಲು ತೆಗೆಯುತ್ತಿದ್ದರು ಎನ್ನುತ್ತಾರೆ. ಹೇಗೆ?

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಪದರಗಳು ಒಂದರ ಮೇಲೊಂದು ಇಟ್ಟ ಅಗಲವಾದ ಬೋಗುಣಿಗಳ ಹಾಗಿವೆ. ನಡುವೆ ಆಳಕ್ಕೆ ಇಳಿದು, ಅಂಚಿನಲ್ಲಿ ಮೇಲಕ್ಕೆದ್ದು ನೆಲಕ್ಕೆ ಬಾಯಿ ತೆರೆಯುತ್ತವೆ. ಹೊಳೆಗಳು ಕಣಿವೆಗಳನ್ನು ಆಳವಾಗಿ ಕೊರೆದಿರುವುದರಿಂದ ಗುಡ್ಡದ ಪಕ್ಕೆಯಲ್ಲೂ ಪದರ ಹೊರಗೆ ಕಾಣಿಸುತ್ತದೆ. ಹಳ್ಳದ ದಂಡೆಯಲ್ಲಿ ಮಸಿಯಂಥ ಕಪ್ಪು ಮಣ್ಣು, ಅದರ ಕೆಳಗೆ ಬೂದುಬಣ್ಣದ ಜೇಡಿ, ಅಲ್ಲೇ ಕೆಂಪು ಕಲೆ ಬಿಡುವ ಒರತೆ ಕಂಡರೆ ಪದರ ಅಲ್ಲೇ ಇದೆ ಎಂದು ಬಲ್ಲವರು ಹೇಳುತ್ತಿದ್ದರು.

ಅಲ್ಲಿಂದ ಪದರದ ಜೊತೆಗೇ, ಅದು ಇಳಿಯುವ ದಿಕ್ಕಿಗೆ ಅಡ್ಡಲಾಗಿ, ಒಂದು ಸುರಂಗ. ಅದಕ್ಕೆ ‘ಲೆವೆಲ್’ ಎಂದು ಹೆಸರು, ಆದರೆ ಪೂರ್ತಿ ಸಮತಟ್ಟಾಗಿ ಅದನ್ನು ಎಂದೂ ತೋಡುತ್ತಿರಲಿಲ್ಲ. ಒಳಕ್ಕೆ ಹೋದಂತೆ ನೂರು ಅಡಿಗೆ ಸುಮಾರು ಒಂದು ಅಡಿ ಏರಬೇಕು. ಆಗ ನೀರು ತಾನಾಗಿ ಹೊರಗೆ ಹರಿಯುತ್ತದೆ, ತುಂಬಿದ ಡ್ರ್ಯಾಮ್ ಕಡಿಮೆ ಬಲಕ್ಕೇ ಉರುಳಿ ಬರುತ್ತದೆ. ಡ್ರ್ಯಾಮ್ ಎಂದರೆ ವೇಲ್ಸ್‌ನವರು ಗಣಿಯ ಸಣ್ಣ ಬಂಡಿಗೆ ಇಟ್ಟ ಹೆಸರು. ಏರು ಹೆಚ್ಚಾದರೆ ಖಾಲಿ ಡ್ರ್ಯಾಮನ್ನು ಒಳಗೆಳೆಯಲು ಕುದುರೆ ದಣಿಯುತ್ತದೆ, ಕಡಿಮೆಯಾದರೆ ಹಳಿಯ ನಡುವೆ ನೀರು ನಿಂತು ನೆಲದ ಜೇಡಿ ಉಬ್ಬುತ್ತದೆ.

ಲೆವೆಲ್ಲಿನಿಂದ ಮೇಲ್ಮುಖವಾಗಿ ಕವಲು ದಾರಿಗಳನ್ನು ತೆಗೆದು, ನಡುವೆ ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ಕೋಣೆಗಳನ್ನು ಕೊರೆಯುತ್ತಿದ್ದರು. ಮೇಲಿನ ಭಾಗ ಇರುವವರೆಗೆ ಗಣಿಗೆ ಪಂಪೂ ಬೇಡ, ಎಂಜಿನ್ನೂ ಬೇಡ. ಅದು ಮುಗಿದ ದಿನ ಗಣಿಯ ಹಣೆಬರಹ ಬದಲಾಗುತ್ತದೆ. ಇನ್ನು ಪದರದ ಇಳಿಜಾರಿನಲ್ಲೇ ಕೆಳಗೆ ಹೋಗಬೇಕು. ಆ ಇಳಿ ಸುರಂಗಕ್ಕೆ ‘ಸ್ಲಾಂಟ್’ ಅಥವಾ ‘ಡ್ರಿಫ್ಟ್’ ಎನ್ನುತ್ತಾರೆ. ಅಲ್ಲಿ ಪ್ರತಿ ಟನ್ ಕಲ್ಲಿದ್ದಲನ್ನೂ ಎಳೆದು ತರಬೇಕು, ಪ್ರತಿ ಹನಿ ನೀರನ್ನೂ ಮೇಲೆತ್ತಬೇಕು. ಹಣವಿದ್ದವರು ಉಗಿಯಂತ್ರ ತಂದರು, ಇಲ್ಲದವರು ಅಲ್ಲಿಗೇ ಬಿಟ್ಟು ಹೋದರು. ಹಾಗೆ ಬಿಟ್ಟುಹೋದ ಪೊಳ್ಳುಗಳಲ್ಲಿ ನೀರು ತುಂಬಿಕೊಂಡಿತು. ಮುಂದಿನ ತಲೆಮಾರಿನ ಸಣ್ಣ ಗಣಿಗಳ ದೊಡ್ಡ ಶತ್ರು ಆ ನೀರೇ. ಅದರ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ಚಾವಣಿಗೆ ಮರದ ಆಸರೆ ಸಾಕಾಗುತ್ತಿತ್ತೇ? ಕಬ್ಬಿಣ ಏಕೆ ಬಳಸಲಿಲ್ಲ?

ದಾರಿಗಳಲ್ಲಿ ಹಾಕುತ್ತಿದ್ದುದು ‘ಜೋಡಿ ಮರ’: ಎರಡು ಕಂಬ, ಮೇಲೊಂದು ತೊಲೆ. ಕಂಬಗಳು ನೆಟ್ಟಗೆ ನಿಲ್ಲುವುದಿಲ್ಲ. ಬುಡ ಅಗಲವಾಗಿ, ತಲೆ ಒಳಕ್ಕೆ ವಾಲಿರುತ್ತದೆ, ಏಕೆಂದರೆ ಒತ್ತಡ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಬರುತ್ತದೆ. ಕಂಬ ಮತ್ತು ತೊಲೆ ಕೂಡುವಲ್ಲಿ ಕೊಡಲಿಯಿಂದ ಕಡಿಯುವ ಕಚ್ಚಿಗೆ ‘ವೆಲ್ಷ್ ಕಚ್ಚು’ ಎಂದೇ ಹೆಸರು. ಎರಡೂ ಮೈಗಳು ಪೂರ್ತಿ ಒಂದಕ್ಕೊಂದು ಕೂರಬೇಕು. ಒಂದು ಮೂಲೆ ಮಾತ್ರ ತಾಗಿದರೆ ಭಾರವೆಲ್ಲ ಅಲ್ಲೇ ಬಿದ್ದು ಕಂಬ ಉದ್ದಕ್ಕೆ ಸೀಳುತ್ತದೆ.

ಜೋಡಿಯಿಂದ ಜೋಡಿಗೆ ಸುಮಾರು ಒಂದು ಗಜ, ಚಾವಣಿ ಕೆಟ್ಟದಾಗಿದ್ದರೆ ಇನ್ನೂ ಹತ್ತಿರ. ತೊಲೆಯ ಮೇಲೆ ತೆಳು ಗಳಗಳನ್ನು ಹಾಸಿ, ಬಂಡೆಗೂ ಗಳಕ್ಕೂ ನಡುವಿನ ಸಂದಿಗೆ ಕಲ್ಲುಚೂರು ಒತ್ತಿ ತುಂಬಬೇಕು. ಅವಸರದಲ್ಲಿ ಎಲ್ಲರೂ ಬಿಡುತ್ತಿದ್ದುದು ಈ ಕೆಲಸವನ್ನೇ, ಅನಾಹುತಕ್ಕೂ ಇದೇ ದಾರಿ. ಸಂದಿ ಖಾಲಿಯಿದ್ದರೆ ಸಡಿಲಗೊಂಡ ಬಂಡೆ ತೊಲೆಯ ಮೇಲೆ ಕೂರುವ ಬದಲು ಬಂದು ಬೀಳುತ್ತದೆ. ನಿಂತ ಭಾರವನ್ನು ಹೊರುವ ತೊಲೆ ಬಿದ್ದ ಭಾರಕ್ಕೆ ಮುರಿಯುತ್ತದೆ.

ಇನ್ನು ಕಬ್ಬಿಣದ ಪ್ರಶ್ನೆ. ಉಕ್ಕಿನ ಕಮಾನುಗಳು ನಂತರ ಬಂದವು, ದೊಡ್ಡ ಗಣಿಗಳಲ್ಲಿ ಚೆನ್ನಾಗಿಯೇ ನಿಂತವು. ಸಣ್ಣ ಗಣಿಗೆ ಮರ ಅಗ್ಗ, ಅಳತೆಗೆ ಅಲ್ಲಲ್ಲೇ ಕಡಿದುಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲಾಗಿ ಮರ ಮಾತಾಡುತ್ತದೆ: ಭಾರ ಏರಿದಾಗ ಮೊದಲು ಕಿರುಗುಟ್ಟುತ್ತದೆ, ನಾರು ಬಿಚ್ಚುತ್ತದೆ, ಆಮೇಲೆ ಮುರಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಜೀವ ಉಳಿಸಿಕೊಂಡು ಹೊರಗೋಡಬಹುದು. ಇದಕ್ಕೆ ಬೇಕಾದ ಪೈನ್ ಮರ ಬಹುಪಾಲು ಫ್ರಾನ್ಸಿನ ಬೋರ್ಡೋ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ಕಲ್ಲಿದ್ದಲು ಇಳಿಸಿದ ಹಡಗು ಬರಿದಾಗಿ ಮರಳುವ ಬದಲು ಗಣಿಗಂಬ ತುಂಬಿಕೊಂಡು ಬರುತ್ತಿತ್ತು.

ಪ್ರಶ್ನೆ: ಕೂಲಿಯ ಲೆಕ್ಕ ಹೇಗೆ? ದಿನಕ್ಕೋ, ಟನ್ನಿಗೋ?

‘ಮುಖ’ದಲ್ಲಿ, ಅಂದರೆ ಕಲ್ಲಿದ್ದಲು ಕಡಿಯುತ್ತ ಸಾಗುವ ಗೋಡೆಯಲ್ಲಿ, ದುಡಿಯುವವನಿಗೆ ಟನ್ನಿನ ಮೇಲೆ. ಒಂದು ಅಂದಾಜು ನೋಡಿ. ಪದರ 75 ಸೆಂಟಿಮೀಟರ್ ದಪ್ಪ, ಕೋಣೆ 5 ಮೀಟರ್ ಅಗಲ ಎಂದುಕೊಳ್ಳೋಣ. ಒಂದು ಮೀಟರ್ ಮುಂದೆ ಸಾಗಿದರೆ 3.75 ಘನ ಮೀಟರ್. ಕಲ್ಲಿದ್ದಲು ಘನ ಮೀಟರಿಗೆ ಸುಮಾರು 1.35 ಟನ್ ತೂಗುತ್ತದೆ, ಅಂದರೆ 5 ಟನ್. ಆದರೆ ದಕ್ಷಿಣ ವೇಲ್ಸ್‌ನ ಬಹಳಷ್ಟು ಗಣಿಗಳಲ್ಲಿ ಹಣ ಸಿಗುತ್ತಿದ್ದುದು ದಪ್ಪ ಉಂಡೆಗಳಿಗೆ ಮಾತ್ರ. ಡ್ರ್ಯಾಮನ್ನು ಕಂಬಿಗಳ ಜರಡಿಯ ಮೇಲೆ ಸುರಿದು, ಕೆಳಗೆ ಬಿದ್ದ ಪುಡಿಯನ್ನು ತೂಗಿ ಕಳೆಯುತ್ತಿದ್ದರು. ಆ ಯಂತ್ರಕ್ಕೆ ‘ಬಿಲ್ಲಿ ಫೇರ್‌ಪ್ಲೇ’ ಎಂದು ಹೆಸರು. 5 ಟನ್ನಿನಲ್ಲಿ ಕಾಲು ಭಾಗ ಪುಡಿಯಾದರೆ, ಅದನ್ನು ಕಡಿದ, ತುಂಬಿದ ಶ್ರಮವೆಲ್ಲ ಬಿಟ್ಟಿ. ಆ ಪುಡಿಯನ್ನು ಮಾಲೀಕರು ಮಾರದೇ ಬಿಡುತ್ತಿರಲಿಲ್ಲ ಎನ್ನುವುದು ಈ ಪದ್ಧತಿಯ ಕಟುವಾದ ಅನ್ಯಾಯ. ಅದಕ್ಕೇ ಗಣಿಗಾರರು ಸಲಿಕೆಯಲ್ಲಿ ತುಂಬದೆ, ಒಂದು ಪಕ್ಕ ತೆರೆದ ಲೋಹದ ಪೆಟ್ಟಿಗೆಗೆ ಉಂಡೆಗಳನ್ನು ಕೈಯಲ್ಲೇ ಆಯ್ದು ತುಂಬುತ್ತಿದ್ದರು. ಅದು ‘ಕರ್ಲಿಂಗ್ ಬಾಕ್ಸ್’.

ತೂಕದಲ್ಲಿ ಮೋಸವಾಗದಂತೆ ಕಾರ್ಮಿಕರೇ ಒಬ್ಬ ತೂಕ ಪರೀಕ್ಷಕನನ್ನು ನೇಮಿಸಿಕೊಳ್ಳುವ ಹಕ್ಕು 1860ರ ಕಾಯ್ದೆಯಿಂದ ಬಂತು. ಬಂಡೆ ಹೆಚ್ಚು, ನೀರು ಹೆಚ್ಚು ಇರುವ ಕೆಟ್ಟ ಜಾಗದಲ್ಲಿ ಎಷ್ಟು ದುಡಿದರೂ ಟನ್ ಏಳುವುದಿಲ್ಲ. ರೋಂಡಾ ಕಣಿವೆಯ 1910–11ರ ದೊಡ್ಡ ಹೋರಾಟ ಹೊತ್ತಿಕೊಂಡಿದ್ದು ಇಂಥ ಜಾಗಗಳ ಕೂಲಿಯ ಮೇಲೆಯೇ. ಕನಿಷ್ಠ ಕೂಲಿಯ ಕಾಯ್ದೆ 1912ರಲ್ಲಿ ಬಂತು.

ಪ್ರಶ್ನೆ: ಹೆಂಗಸರು, ಮಕ್ಕಳು ಒಳಗೆ ದುಡಿಯುತ್ತಿದ್ದರೇ?

1842ರವರೆಗೆ ಹೌದು. ಆ ವರ್ಷದ ಕಾಯ್ದೆ ಹೆಂಗಸರು, ಹುಡುಗಿಯರು ಮತ್ತು 10 ವರ್ಷದೊಳಗಿನ ಹುಡುಗರು ನೆಲದಡಿ ದುಡಿಯುವುದನ್ನು ನಿಷೇಧಿಸಿತು. ಆದರೆ ಗಣಿಯೊಳಗಿನ ಸುರಕ್ಷತೆಯನ್ನು ನೋಡುವ ಇನ್‌ಸ್ಪೆಕ್ಟರುಗಳು ಬಂದದ್ದು 1850ರ ಕಾಯ್ದೆಯ ನಂತರ.

ಪ್ರಶ್ನೆ: ಸಣ್ಣ ಗಣಿಯಲ್ಲಿ ಗಾಳಿಗೆ ಏನು ವ್ಯವಸ್ಥೆ? ಸ್ಫೋಟದ ಭಯ ಇರಲಿಲ್ಲವೇ?

ಎರಡು ಬಾಯಿಗಳಿದ್ದು ಒಂದು ಕೆಳಗೆ, ಒಂದು ಮೇಲೆ ಇದ್ದರೆ ಗಾಳಿ ತಾನಾಗಿಯೇ ಹರಿಯುತ್ತದೆ. ಚಳಿಗಾಲದಲ್ಲಿ ಹೊರಗಿಗಿಂತ ಗಣಿಯ ಗಾಳಿ ಬೆಚ್ಚಗಿರುವುದರಿಂದ ಅದು ಮೇಲಿನ ಬಾಯಿಯಿಂದ ಏರಿಹೋಗುತ್ತದೆ, ಬೇಸಿಗೆಯಲ್ಲಿ ಒಳಗಿನ ಗಾಳಿ ತಂಪಾಗಿ ಕೆಳಗಿನ ಬಾಯಿಯಿಂದ ಇಳಿಯುತ್ತದೆ. ಒಳಗೂ ಹೊರಗೂ ಒಂದೇ ಉಷ್ಣತೆ ಇರುವ ವಸಂತ, ಶರತ್ಕಾಲದ ದಿನಗಳಲ್ಲಿ ಗಾಳಿ ನಿಂತೇ ಹೋಗುತ್ತದೆ. ಅಂಥ ದಿನಗಳಿಗಾಗಿ ಕುಲುಮೆಯನ್ನೋ ಫ್ಯಾನನ್ನೋ ಇಡಬೇಕಾಯಿತು. ಎರಡನೆಯ ಬಾಯಿ 1862ರ ನಂತರ ಕಡ್ಡಾಯವಾಯಿತು. ಇಂಗ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ಇದ್ದೊಂದು ಬಾವಿಯೇ ಮುಚ್ಚಿಹೋಗಿ 204 ಜನ ಸತ್ತದ್ದು ಅದಕ್ಕೆ ಕಾರಣ.

ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಇದ್ದಾಗ ಸ್ಫೋಟಿಸುತ್ತದೆ. ಸೆಂಗೆನಿದ್‌ನಲ್ಲಿ 1913ರ ಅಕ್ಟೋಬರ್ 14ರಂದು 439 ಗಣಿಗಾರರನ್ನೂ ಒಬ್ಬ ರಕ್ಷಕನನ್ನೂ ಬಲಿ ತೆಗೆದುಕೊಂಡ ಸ್ಫೋಟ ಆಳದ ದೊಡ್ಡ ಗಣಿಯದು. ನೆಲದ ಹತ್ತಿರವಿರುವ ಪದರಗಳಿಂದ ಮೀಥೇನ್ ಎಷ್ಟೋ ಕಾಲದಿಂದ ಸೋರಿಹೋಗಿರುತ್ತದೆ, ಹಾಗಾಗಿ ಅಲ್ಲಿ ಅದು ಕಡಿಮೆ. ಅಲ್ಲಿಯ ಕೊಲೆಗಾರ ‘ಬ್ಲ್ಯಾಕ್‌ಡ್ಯಾಂಪ್’: ಆಮ್ಲಜನಕ ಬತ್ತಿ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಉಳಿದ ಗಾಳಿ. ಅದಕ್ಕೆ ವಾಸನೆಯಿಲ್ಲ. ವಾಯುಭಾರ ಇಳಿದ ದಿನ ಹಳೆಯ ಪೊಳ್ಳುಗಳಿಂದ ಅದು ದಾರಿಗೆ ಹರಿದು ಬರುತ್ತದೆ. ಆಮ್ಲಜನಕ 21 ಶೇಕಡಾದಿಂದ 16–17ಕ್ಕೆ ಇಳಿದಾಗ ದೀಪದ ಜ್ವಾಲೆ ಆರುತ್ತದೆ. ಮನುಷ್ಯನಿಗೆ ಆಗಿನ್ನೂ ಪ್ರಜ್ಞೆ ಇರುತ್ತದೆ, ಹಿಂದಿರುಗಲು ಅದೇ ಸಮಯ.

ಪ್ರಶ್ನೆ: ನೀರು ಒಮ್ಮೆಲೇ ನುಗ್ಗುವುದು ಹೇಗೆ? ಪಂಪ್ ಇದ್ದರೆ ಸಾಲದೇ?

ಬಂಡೆಯಿಂದ ಜಿನುಗುವ ನೀರಿಗೆ ಪಂಪ್ ಸಾಕು. ಪಕ್ಕದ ಹಳೆ ಗಣಿಯಲ್ಲಿ ನಿಂತ ನೀರಿನ ಲೆಕ್ಕವೇ ಬೇರೆ. ನಿಮ್ಮ ಮುಖಕ್ಕಿಂತ 30 ಮೀಟರ್ ಎತ್ತರದವರೆಗೆ ಅಲ್ಲಿ ನೀರು ತುಂಬಿದ್ದರೆ, ನಡುವಿನ ಕಲ್ಲಿದ್ದಲು ಗೋಡೆಯ ಪ್ರತಿ ಚದರ ಮೀಟರಿನ ಮೇಲೆ 30 ಟನ್ ಒತ್ತಡ. ಗೋಡೆ ತೆಳುವಾಗುವವರೆಗೆ ಏನೂ ಗೊತ್ತಾಗದೇ ಇರಬಹುದು. ಬಲ್ಲವರು ಕೆಲವು ಸೂಚನೆಗಳಿಗೆ ಕಾಯುತ್ತಿದ್ದರು: ಕಲ್ಲಿದ್ದಲು ಬೆವರುವುದು, ಮುಖ ತಣ್ಣಗಾಗುವುದು, ಸೀಳುಗಳಲ್ಲಿ ಸುಂಯ್‌ಗುಟ್ಟುವ ಸದ್ದು, ಕೆಂಪು ಕಲೆ, ಕೊಳೆತ ಮೊಟ್ಟೆಯ ವಾಸನೆ. ಇವು ಯಾವುದೂ ಇಲ್ಲದೆಯೂ ನೀರು ಬಂದದ್ದುಂಟು.

ಸರಿಯಾದ ಉಪಾಯ ಮುಂಚಿತವಾಗಿ ಕೊರೆದು ನೋಡುವುದು. 1872ರ ಕಾಯ್ದೆಯ ನಿಯಮ ಇಂದಿಗೂ ಓದಲು ಸ್ಪಷ್ಟವಾಗಿದೆ. ಅಪಾಯಕರ ನೀರು ಇರಬಹುದಾದ ಕಡೆಗೆ ಸಾಗುವ ಸುರಂಗದ ಅಗಲ 8 ಅಡಿ ಮೀರಬಾರದು. ಮುಖದ ನಡುವೆ ಕನಿಷ್ಠ ಒಂದು ರಂಧ್ರ ಯಾವಾಗಲೂ 5 ಗಜ ಮುಂದಿರಬೇಕು, ಎರಡೂ ಪಕ್ಕಗಳಿಗೆ ಬೇಕಷ್ಟು ಓರೆ ರಂಧ್ರಗಳಿರಬೇಕು. ಓರೆ ರಂಧ್ರಗಳನ್ನು ಬಿಡುವುದೇ ದೊಡ್ಡ ತಪ್ಪು, ಏಕೆಂದರೆ ಹಳೆಯ ಸುರಂಗ ನೇರ ಎದುರಿಗಿಂತ ಪಕ್ಕದಲ್ಲಿ ಹಾದುಹೋಗಿರುವುದೇ ಹೆಚ್ಚು. ನೀರು ಚಿಮ್ಮಿದರೆ ಬಡಿದು ಕೂರಿಸಲು ಚೂಪಾದ ಮರದ ಬೆಣೆಗಳು ಕೈಗೆಟುಕುವಂತಿರಬೇಕು. ಒತ್ತಡ ಹೆಚ್ಚಿರುವಲ್ಲಿ ಬೆಣೆ ನಿಲ್ಲುವುದಿಲ್ಲ. ಅಲ್ಲಿ ಕೊಳವೆ ಕೂರಿಸಿ ಕವಾಟ ಹಾಕಿಯೇ ಕೊರೆಯಬೇಕು.

ಹೊಸ ಕಾಯ್ದೆ ಬಂದು ಐದೇ ವರ್ಷಕ್ಕೆ, 1877ರ ಏಪ್ರಿಲ್ 11ರಂದು, ರೋಂಡಾದ ಪೋರ್ಥ್ ಬಳಿಯ ಟಿನೆವಿದ್ ಗಣಿಗೆ ಪಕ್ಕದ ಕಿಮ್ಮರ್ ಹಳೆ ಗಣಿಯ ನೀರು ನುಗ್ಗಿತು. 14 ಜನ ಒಳಗೆ ಸಿಕ್ಕಿಕೊಂಡರು. ಕೆಲವರು ಏರುಮುಖದ ದಾರಿಗಳ ತುದಿ ಸೇರಿದ್ದರು. ಕವುಚಿ ಮುಳುಗಿಸಿದ ಲೋಟದೊಳಗೆ ಗಾಳಿ ಉಳಿಯುವಂತೆ ಅಲ್ಲಿ ಗಾಳಿ ಸಿಕ್ಕಿಕೊಂಡು, ಕೆಳಗಿನ ನೀರನ್ನು ತಡೆದು ನಿಲ್ಲಿಸಿತ್ತು. ಮೊದಲ ಐವರ ಬಳಿಗೆ ಗೋಡೆ ಒಡೆದಾಗ ಒತ್ತಿಹಿಡಿದಿದ್ದ ಗಾಳಿ ಒಮ್ಮೆಲೇ ಹೊರನುಗ್ಗಿ, ಒಬ್ಬನನ್ನು ಆ ಕಂಡಿಗೆ ಅಪ್ಪಳಿಸಿ ಕೊಂದಿತು. ಉಳಿದ ನಾಲ್ವರು ಬದುಕಿದರು.

ಇನ್ನೊಂದು ಐವರ ಗುಂಪು ಇನ್ನೂ ಒಳಗಿತ್ತು. ಲಂಡನ್ನಿನಿಂದ ಮುಳುಗುಗಾರರನ್ನು ಕರೆಸಿದರೂ ದಾರಿಯಲ್ಲಿ ತುಂಬಿದ ಕಸಕಡ್ಡಿಯ ನಡುವೆ ಅವರಿಂದ ತಲುಪಲಾಗಲಿಲ್ಲ. ಪಂಪುಗಳಿಂದ ನೀರಿಳಿಸುತ್ತ ಸುಮಾರು 35 ಮೀಟರ್ ಕಲ್ಲಿದ್ದಲನ್ನು ಕಡಿದು ಹೋಗಬೇಕಾಯಿತು. ಈ ಸಲ ಸುಮ್ಮನೆ ಕಂಡಿ ತೆರೆಯಲಿಲ್ಲ, ತೆರೆದಿದ್ದರೆ ಒಳಗಿನ ಗಾಳಿ ಹೋಗಿ ನೀರು ಅವರ ಕತ್ತಿಗೆ ಏರುತ್ತಿತ್ತು. ಗಾಳಿಯಾಡದ ಬಾಗಿಲುಗಳನ್ನು ಕಟ್ಟಿ, ಒತ್ತಡದ ಗಾಳಿ ತುಂಬಿಕೊಂಡು ಮುಂದೆ ಸಾಗಿದರು. ಏಪ್ರಿಲ್ 20ರಂದು ಐವರೂ ಜೀವಂತ ಹೊರಬಂದರು. ಒಟ್ಟು ಸತ್ತವರು ಐವರು. ಸಮುದ್ರದಲ್ಲಿ ಜೀವ ಉಳಿಸಿದವರಿಗಷ್ಟೇ ಮೀಸಲಾಗಿದ್ದ ಆಲ್ಬರ್ಟ್ ಪದಕವನ್ನು ನೆಲದ ಮೇಲಿನ ಸಾಹಸಕ್ಕೂ ವಿಸ್ತರಿಸಿದ್ದು ಈ ರಕ್ಷಕರಿಗಾಗಿ.

ನೀರಿನ ಭಯ ಹಳೆಯ ಕಾಲಕ್ಕೇ ಮುಗಿಯಲಿಲ್ಲ. ಸ್ವಾನ್ಸೀ ಕಣಿವೆಯ ಗ್ಲೈಶನ್ ಎಂಬ ಸಣ್ಣ ಡ್ರಿಫ್ಟ್ ಗಣಿಯಲ್ಲಿ 2011ರ ಸೆಪ್ಟೆಂಬರ್ 15ರಂದು ಸಿಡಿಮದ್ದು ಹಾರಿಸಿದಾಗ ಹಳೆಯ ಪೊಳ್ಳಿನ ನೀರು ನುಗ್ಗಿತು. ಒಳಗಿದ್ದ ಏಳು ಜನರಲ್ಲಿ ನಾಲ್ವರು ಸತ್ತರು.

ಪ್ರಶ್ನೆ: ಹಳೆಯ ಗಣಿಗಳ ನಕ್ಷೆ ಇರುತ್ತದಲ್ಲ, ಅದನ್ನು ನೋಡಿಕೊಂಡರೆ ಇದೆಲ್ಲ ತಪ್ಪುತ್ತಿರಲಿಲ್ಲವೇ?

ಮುಚ್ಚಿದ ಗಣಿಯ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ನಿಯಮ ಬಂದದ್ದು 1872ರಲ್ಲಿ. ಅದಕ್ಕೆ ಹಿಂದೆ ತೋಡಿದ ಎಷ್ಟೋ ಸುರಂಗಗಳಿಗೆ ನಕ್ಷೆಯೇ ಇಲ್ಲ. 1926ರ ಗಣಿ ಬೀಗಮುದ್ರೆಯ ತಿಂಗಳುಗಳಲ್ಲಿ ಒಲೆ ಉರಿಸಲು ಜನ ಗುಡ್ಡಗಳ ಅಂಚಿನಲ್ಲಿ ತೋಡಿಕೊಂಡ ಗುಂಡಿಗಳು ಯಾವ ಕಾಗದದಲ್ಲೂ ಸಿಗುವುದಿಲ್ಲ. ಇಪ್ಪತ್ತನೆಯ ಶತಮಾನದ ಸಣ್ಣ ಗಣಿಗಳಲ್ಲಿ ಹಲವು ಬದುಕಿದ್ದೇ ಹಿಂದಿನವರು ಬಿಟ್ಟುಹೋದ ಕಂಬಗಳನ್ನೂ ಅಂಚುಗಳನ್ನೂ ಕಡಿದು. ಹಳೆಯ ಪೊಳ್ಳಿನ ನೆರೆಹೊರೆ ಅವಕ್ಕೆ ತಪ್ಪಿದ್ದಲ್ಲ.

ಇರುವ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಮೊದಲು ನೋಡಬೇಕಾದ್ದು ಉತ್ತರದ ಬಾಣ. ಹಳೆಯ ಸರ್ವೇ ಎಲ್ಲ ದಿಕ್ಸೂಚಿಯಿಂದ ಮಾಡಿದ್ದು. ದಿಕ್ಸೂಚಿ 1820ರ ಸುಮಾರಿಗೆ ಬ್ರಿಟನ್ನಿನಲ್ಲಿ ನಿಜವಾದ ಉತ್ತರದಿಂದ ಪಶ್ಚಿಮಕ್ಕೆ 24 ಡಿಗ್ರಿಯಷ್ಟು ವಾಲಿತ್ತು. ಇಂದು ಆ ವಾಲು ಸೊನ್ನೆಯ ಹತ್ತಿರವಿದೆ. ಆ ಕಾಲದ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಬಾಣಕ್ಕೆ ಬಾಣ ಜೋಡಿಸಿ ಇಟ್ಟರೆ, ಬಾಯಿಯಿಂದ 100 ಮೀಟರ್ ಒಳಗಿನ ಒಂದು ಬಿಂದು 40 ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗಿರುತ್ತದೆ. ಹಳೆ ಗಣಿಯಿಂದ 37 ಮೀಟರಿನೊಳಗೆ ಬಂದರೆ ವಿಶೇಷ ಎಚ್ಚರ ಬೇಕೆಂದು 1979ರ ನಿಯಮ ಹೇಳುತ್ತಿತ್ತು. ಇದು ಹಳೆಯ ಅಳತೆಯ 40 ಗಜ. ಬಾಣದ ಒಂದು ತಪ್ಪಿಗೆ ಆ ಇಡೀ ಅಂತರವೇ ಮಾಯ. ಹಾಗಾಗಿ ನಕ್ಷೆಯ ವರ್ಷ ತಿಳಿದು, ಆ ವರ್ಷದ ವಾಲು ಕಳೆದು, ಆಮೇಲೆ ಕದಲದ ಎರಡು ಗುರುತುಗಳಿಗೆ, ಉದಾಹರಣೆಗೆ ಚರ್ಚಿನ ಮೂಲೆ, ಸೇತುವೆ, ಜೋಡಿಸಿ ತಾಳೆ ನೋಡಬೇಕು.

ಎರಡನೆಯದು ಪ್ರಮಾಣ. ಎರಡು ಸರಪಳಿಗೆ (ಸರಪಳಿ ಎಂದರೆ 66 ಅಡಿಯ ಹಳೆಯ ಅಳತೆ) ಒಂದು ಅಂಗುಲ ಎಂದಿದ್ದರೆ ಅದು 1:1584. ಬಟ್ಟೆಗಂಟಿಸಿದ ಕಾಗದ ಕುಗ್ಗುತ್ತದೆ, ನೂರಕ್ಕೆ ಒಂದು ಪಾಲು ಕುಗ್ಗಿದರೂ 400 ಮೀಟರ್ ಸುರಂಗದಲ್ಲಿ 4 ಮೀಟರ್ ವ್ಯತ್ಯಾಸ. ನಕ್ಷೆಯಲ್ಲೇ ಬರೆದ ಅಳತೆಪಟ್ಟಿಯಿಂದ ಅಳೆಯಬೇಕು, ಬರೆದ ಸಂಖ್ಯೆಯಿಂದ ಅಲ್ಲ.

ಮೂರನೆಯದು ಕೊನೆಯ ಸರ್ವೇಯ ದಿನಾಂಕ. ಸರ್ವೇಯರ್ ಬಂದುಹೋದ ಮೇಲೂ ಗಣಿ ಮುಚ್ಚುವವರೆಗೆ ಕಡಿಯುವುದು ನಿಲ್ಲುವುದಿಲ್ಲ. ಕೊನೆಯ ವಾರಗಳಲ್ಲಿ ಕಂಬಗಳನ್ನೇ ಕಡಿದು ಒಯ್ದಿರುತ್ತಾರೆ. ಇನ್ನು ಪದರದ ಹೆಸರನ್ನು ನಂಬಿ ಕೆಡಬೇಡಿ. ಒಂದೇ ಪದರಕ್ಕೆ ಒಂದು ಕಣಿವೆಯಲ್ಲಿ ಒಂದು ಹೆಸರು, ಗುಡ್ಡ ದಾಟಿದರೆ ಇನ್ನೊಂದು. ‘ಆರಡಿ’ ಎಂಬ ಹೆಸರಿನ ಪದರ ಎಲ್ಲೆಡೆ ಆರು ಅಡಿ ಇರುವುದಿಲ್ಲ.

ಒಪ್ಪಿಸಿದ ನಕ್ಷೆಗಳು ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡಿನಲ್ಲಿ ಕಲ್ಲಿದ್ದಲು ಪ್ರಾಧಿಕಾರದ ಬಳಿ ಇವೆ. 2024ರಿಂದ ಅದರ ಹೆಸರು ‘ಮೈನಿಂಗ್ ರೆಮಿಡಿಯೇಶನ್ ಅಥಾರಿಟಿ’. ಕಾರ್ಡಿಫ್‌ನ ಗ್ಲಾಮೊರ್ಗನ್ ದಾಖಲಾಗಾರ, ಅಬೆರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯ, ಸ್ವಾನ್ಸೀಯ ಗಣಿಗಾರರ ಗ್ರಂಥಾಲಯಗಳಲ್ಲೂ ಹುಡುಕಬೇಕು.

ಪ್ರಶ್ನೆ: ದೊಡ್ಡವು ಮುಚ್ಚಿದ ಮೇಲೂ ಕೆಲವು ಸಣ್ಣ ಗಣಿಗಳು ಹೇಗೆ ಉಳಿದವು?

ಪಶ್ಚಿಮದ ಆಂಥ್ರಸೈಟ್‌ನಿಂದ. ವೆಲ್ಷ್ ಭಾಷೆಯಲ್ಲಿ ಅದು ‘ಗ್ಲೋ ಕಾರೆಗ್’, ಕಲ್ಲಿನಂಥ ಕಲ್ಲಿದ್ದಲು. ಹೊತ್ತಿಕೊಳ್ಳುವುದು ಕಷ್ಟ, ಹೊತ್ತಿಕೊಂಡ ಮೇಲೆ ಹೊಗೆಯಿಲ್ಲದೆ ಬಹಳ ಹೊತ್ತು ಉರಿಯುತ್ತದೆ. ಮನೆಯ ಬಾಯ್ಲರುಗಳಿಗೆ, ಮಾಲ್ಟ್ ಒಣಗಿಸುವ ಗೂಡುಗಳಿಗೆ, ಪುಡಿಮಾಡಿ ನೀರು ಸೋಸುವ ತೊಟ್ಟಿಗಳಿಗೆ ಅದಕ್ಕೆ ಬೇಡಿಕೆಯಿತ್ತು. ಅದರ ಪುಡಿಯೂ ವ್ಯರ್ಥವಾಗುತ್ತಿರಲಿಲ್ಲ. ಜೇಡಿಮಣ್ಣು, ನೀರು ಸೇರಿಸಿ ತುಳಿದು ಉಂಡೆ ಕಟ್ಟಿ, ‘ಪೆಲೆ’ ಎಂದು ಕರೆದು ಒಲೆಗೆ ಇಡುತ್ತಿದ್ದರು.

ಪ್ರಶ್ನೆ: ವೇಲ್ಸ್‌ನ ಚಿತ್ರಗಳಲ್ಲಿ ಕೆಲವು ತೊರೆಗಳು ಕಿತ್ತಳೆ ಬಣ್ಣಕ್ಕಿರುವುದೇಕೆ? ಗಣಿಯ ಬಾಯಿಯನ್ನು ಮುಚ್ಚಿದರೆ ಸರಿಹೋಗುವುದಿಲ್ಲವೇ?

ಕಲ್ಲಿದ್ದಲಿನ ಜೊತೆ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಇರುತ್ತದೆ. ಗಣಿ ನಡೆಯುವಾಗ ಅದಕ್ಕೆ ಗಾಳಿ ತಾಗಿ ಕರಗುವ ಲವಣವಾಗುತ್ತದೆ, ಪಂಪ್ ನಿಂತು ನೀರು ಏರಿದಾಗ ಆ ಲವಣ ಕರಗಿ ಬರುತ್ತದೆ. ಹೊರಗಿನ ಗಾಳಿ ಸೇರುತ್ತಲೇ ಕಬ್ಬಿಣ ತುಕ್ಕಿನಂತೆ ಕಲ್ಲುಗಳ ಮೇಲೆ ಕೂರುತ್ತದೆ. ಪದರ ದಪ್ಪವಾದರೆ ಹುಳು, ಮೀನಿನ ಮೊಟ್ಟೆ ಉಸಿರುಕಟ್ಟಿ ಸಾಯುತ್ತವೆ. ಸಿಕ್ಸ್ ಬೆಲ್ಸ್‌ನಂಥ ಕಡೆ ನೀರನ್ನು ಮೆಟ್ಟಿಲುಗಳ ಮೇಲೆ ಹರಿಸಿ ಗಾಳಿಗೊಡ್ಡಿ, ಕೊಳಗಳಲ್ಲಿ ನಿಲ್ಲಿಸಿ ತುಕ್ಕನ್ನು ತಳಕ್ಕಿಳಿಸಿ, ಜೊಂಡು ಬೆಳೆಸಿದ ಪಾತಿಗಳಲ್ಲಿ ಸೋಸಿ ನದಿಗೆ ಬಿಡುತ್ತಾರೆ.

ಬಾಯಿಯನ್ನು ಮಣ್ಣು ಸುರಿದು ಮುಚ್ಚುವುದು ಅಪಾಯಕರ. ಹಿಂದೆ ನೀರು ಏರಿ, ಒಂದು ದಿನ ಮಣ್ಣಿನ ಸಮೇತ ಒಡೆದು ಬರುತ್ತದೆ, ಇಲ್ಲವೇ ಯಾರೂ ಎಣಿಸದ ಬೇರೆ ಬಾಯಿಯಿಂದ ಏಳುತ್ತದೆ. ಮುಚ್ಚುವುದಾದರೂ ತಳದಲ್ಲಿ ನೀರು ಹರಿದುಹೋಗುವ ಕೊಳವೆ ಇಟ್ಟು, ಅದು ಕಟ್ಟಿಕೊಂಡಾಗ ಬಿಡಿಸಲು ಕೈ ಹೋಗುವಷ್ಟು ಜಾಗ ಬಿಡಬೇಕು. ಕಬ್ಬಿಣದ ಕೆಸರು ಆ ಕೊಳವೆಯನ್ನು ಮತ್ತೆ ಮತ್ತೆ ಕಟ್ಟುತ್ತದೆ.